ಸುಕ್ಕಿಗೆ ಯಾವ ಮುಲಾಮು?
ಅಡಿಕೆ ಅಂಗಳದ ಬಿಸಿಲಲ್ಲಿ ಬೆಂದ ಮುಖ ಐವತ್ತಕ್ಕೇ ಒಣಗಿ ಸುಕ್ಕುಗಟ್ಟುತ್ತದೆ. ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲದ ಮುಲಾಮುಗಳು ಮುಖ್ಯವಾಗಿ ಮೇಲಿನ ಸತ್ತ ಪದರ ಕಳಚಿ ಒರಟುತನ ತಗ್ಗಿಸುತ್ತವೆ. ಸುಕ್ಕಿಗೆ ‘ಎ’ ಜೀವಸತ್ವದಿಂದ ಬಂದ ಟ್ರೆಟಿನೊಯಿನ್ ಮೇಲು ಎಂಬುದು ನನ್ನ ಅಭಿಪ್ರಾಯ. ಅದು ಒಳಪದರದಲ್ಲಿ ಕೊಲಾಜನ್ ಬೆಳೆಸುತ್ತದೆ. ಫಲ ಕಾಣಲು 3ರಿಂದ 6 ತಿಂಗಳು ಬೇಕು. ಮೊದಲ ವಾರಗಳಲ್ಲಿ ಚರ್ಮ ಇನ್ನಷ್ಟು ಒಣಗಿ ಸಿಪ್ಪೆ ಏಳುವುದರಿಂದ ಹಲವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ವಾರಕ್ಕೆರಡು ರಾತ್ರಿ ಬಟಾಣಿ ಕಾಳಿನಷ್ಟೇ ಹಚ್ಚಿ, ಮೇಲೆ ತೇವ ಉಳಿಸುವ ಕ್ರೀಮು ಸವರಿದರೆ ಸಹಿಸಬಹುದು. ಅದೇ ರಾತ್ರಿ ಆಮ್ಲ ಹಚ್ಚಬೇಡಿ. ಗರ್ಭಿಣಿಯರಿಗಂತೂ ಟ್ರೆಟಿನೊಯಿನ್ ಸಲ್ಲದು.

ಔಷಧಿ ಅಂಗಡಿಯಲ್ಲಿ ಕೇಳಿ ತರುವ ‘ಬಿಳಿಯಾಗುವ’ ಟ್ಯೂಬುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ದಿನ ಹೋದಂತೆ ಚರ್ಮ ತೆಳ್ಳಗಾಗುತ್ತದೆ. ವೈದ್ಯರ ಚೀಟಿ ಇಲ್ಲದೆ ತರಬೇಡಿ. ಹಗಲು ತೋಟಕ್ಕಿಳಿಯುವಾಗ ಮುಟ್ಟಾಳೆ ಸಾಲದು, ಮುಖಕ್ಕೆ ನೆರಳು ಬೀಳುವ ಅಗಲ ಟೊಪ್ಪಿಯೇ ಬೇಕು.