ಬ್ಯಾಟರಿ ಗೇಲೀ!

2023ರ ಮಳೆಗಾಲದ ಸಂಚಿಕೆಗೆ ನಮ್ಮ ಅಂಕಣ ಬರಲಿಲ್ಲವೇಕೆಂದು ಇಬ್ಬರು ವಾಚಕರು ಕೇಳಿದ್ದರು. (ಮೂವರಾದರೂ ಕೇಳಬಹುದಿತ್ತು, ಅದಿರಲಿ.) ಉತ್ತರ ಕೊಡುವುದು ತಡವಾಯಿತು. ಆ ಮಳೆಗಾಲದಲ್ಲಿ ರಾತ್ರಿಯ ಊಟವಾದ ಮೇಲೆ ನಾವು ಲೇಖನಿ ಹಿಡಿಯುವ ಬದಲು ಕಾರಿನ ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡು ನಿಲ್ಲುತ್ತಿದ್ದೆವು.

ಸರಕಾರಿ ಗುಮಾಸ್ತನಿಗೆ ಕಾರೇಕೆ ಎಂದು ಕೇಳುವವರಿದ್ದಾರೆ. ನಮ್ಮ ಮಗಳಿಗೆ ಆಗ ಏಳು ವರ್ಷ. ಆಷಾಢ ಹಿಡಿಯಿತೆಂದರೆ ಅವಳಿಗೆ ಉಬ್ಬಸ. ಹಿಂದಿನ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಅವಳನ್ನು ಹೆಗಲಿಗೆ ಹಾಕಿಕೊಂಡು, ಪುಣೆಯ ಸಿಂಹಗಡ ರಸ್ತೆಯಲ್ಲಿ ಸುರಿವ ಮಳೆಯಲ್ಲಿ ನಿಂತು, ಹೋಗುವ ರಿಕ್ಷಾಗಳಿಗೆಲ್ಲ ಕೈಮಾಡಿದೆವು. ಅವಳ ಎದೆಯೊಳಗಿನ ಸಿಳ್ಳು ನಮ್ಮ ಕಿವಿಗೇ ಬಡಿಯುತ್ತಿತ್ತು. ಮರುವಾರವೇ ಕಚೇರಿಯ ಸಹಕಾರಿ ಪತ್ತಿನ ಸಂಘದಲ್ಲಿ ಸಾಲ ತೆಗೆದು, ಹಳೆಯದೊಂದು ಸಣ್ಣ ಕಾರು ಕೊಂಡೆವು. ಅದರ ಕುಲಗೋತ್ರ ಹೇಳುವುದಿಲ್ಲ. ತಪ್ಪು ಕುಲದ್ದಲ್ಲ, ವಯಸ್ಸಿನದು.

ಒಂದು ವರ್ಷ ಎಲ್ಲವೂ ಸರಿಯಾಗಿತ್ತು. 2023ರ ಜೂನಿನಲ್ಲಿ ಒಂದು ಮುಂಜಾನೆ ಕೀಲಿ ತಿರುವಿದರೆ ಕಾರು 'ಟಕ್' ಎಂದು ಸುಮ್ಮನಾಯಿತು. ನೆರೆಯವರು ಧಕ್ಕೆ ಕೊಟ್ಟರು, ಎರಡನೆಯ ಗೇರಿನಲ್ಲಿ ಎದ್ದು ಓಡಿತು. ಮೂರು ದಿನ ಬಿಟ್ಟು ಮತ್ತೆ ಅದೇ ಕಥೆ. ಮೂಲೆಯ ಗ್ಯಾರೇಜಿನವನು ಬಾನೆಟ್ಟು ಎತ್ತುವ ಮುನ್ನವೇ "ಬ್ಯಾಟರಿ ಗೇಲೀ, ಸಾಹೇಬ" ಎಂದ. ಮರಾಠಿಯಲ್ಲಿ ಅದು 'ಹೋಯಿತು' ಎಂಬ ಅರ್ಥದ್ದು. ಕನ್ನಡದ ಕಿವಿಗೆ ಹೇಗೆ ಕೇಳಿಸಿತೆಂಬುದನ್ನು ಹೇಳಬೇಕಾಗಿಲ್ಲ. ಹೊಸ ಬ್ಯಾಟರಿ ಹಾಕಿಸಿದೆವು. ಹತ್ತು ದಿನಕ್ಕೆ ಅದೂ ಗೇಲೀ. ಎರಡನೆಯವನು ಆಲ್ಟರ್ನೇಟರನ್ನು ಬಿಚ್ಚಿ ಕಟ್ಟಿ ಬಿಲ್ಲು ಮಾಡಿದ. ಮೂರನೆಯವನು ಇಡೀ ದಿನ ಇಟ್ಟುಕೊಂಡು, "ಏನೂ ದೋಷವಿಲ್ಲ" ಎಂದು ಮರಳಿಸಿದ. ಅವನು ಹೇಳಿದ್ದು ಸುಳ್ಳಲ್ಲ. ಆ ದಿನ ಏನೂ ಇರಲಿಲ್ಲ.

ಜುಲೈನಲ್ಲಿ ಭಯಪಟ್ಟಿದ್ದೇ ಆಯಿತು. ಮಧ್ಯರಾತ್ರಿ ದಾಟಿ ಮಗಳಿಗೆ ಉಬ್ಬಸವೆದ್ದಿತು. ಕಾರು 'ಟಕ್' ಎಂದಿತು. ಮೂರನೆಯ ಮಹಡಿಯ ಕೊಂಕಣದ ಗೃಹಸ್ಥರು ಬನಿಯನ್ನಿನಲ್ಲೇ ಇಳಿದು ಬಂದು ತಮ್ಮ ಗಾಡಿ ತೆಗೆದರು. ಆಸ್ಪತ್ರೆಯ ಬೆಂಚಿನ ಮೇಲೆ, ಮಗಳ ಮೂಗಿಗೆ ಔಷಧದ ಹೊಗೆ ಹಿಡಿದುಕೊಂಡು ಕುಳಿತಾಗ ನಮ್ಮ ಮನೆಯಾಕೆ ಒಂದೇ ಮಾತು ಅಂದಳು: "ಕಾರ್ ಇಲ್ಲಾಂತಿದ್ರ ಮೊದಲೇ ರಿಕ್ಷಾಕ್ಕ ಓಡತಿದ್ವಿ ನೋಡ್ರಿ." ಅದು ನಿಜ. ಒಮ್ಮೆ ಏಳುವ, ಒಮ್ಮೆ ಏಳದ ಕಾರಿಗಿಂತ ಕಾರಿಲ್ಲದಿರುವುದೇ ಮೇಲು.

ನಮಗೆ ಯಂತ್ರಜ್ಞಾನವಿಲ್ಲ, ಬಿ.ಎ. ಓದಿದವರು. ಆದರೆ ಹನ್ನೆರಡು ವರ್ಷ ಲೆಕ್ಕದ ಪುಸ್ತಕಗಳ ನಡುವೆ ಬಾಳಿದ್ದೇವೆ. ಬ್ಯಾಟರಿಯೆಂದರೂ ಜಮಾ-ಖರ್ಚೇ ಅಲ್ಲವೆ? ಎಂಜಿನು ಓಡುವಾಗ ಜಮೆ, ಸ್ಟಾರ್ಟ್ ಮಾಡುವಾಗ ಖರ್ಚು. ಕಾರು ಮಲಗಿದಾಗ ಯಾರೋ ರಸೀತಿಯಿಲ್ಲದೆ ಹಣ ಎತ್ತುತ್ತಿದ್ದರೆ ಹೊಸ ಪೆಟ್ಟಿಗೆ ತಂದಿಟ್ಟು ಫಲವೇನು? ಎಷ್ಟು ಹೋಗುತ್ತಿದೆಯೆಂದು ಮೊದಲು ಅಳೆಯಬೇಕು. ಮೂವರು ಪಂಡಿತರಲ್ಲಿ ಒಬ್ಬರೂ ಅಳೆದಿರಲಿಲ್ಲ.

ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋಗಿ ಮಲ್ಟಿಮೀಟರು ತಂದೆವು. ಮೊದಲನೆಯದು ಅರ್ಧ ನಿಮಿಷ ಬಾಳಿತು. ಆಂಪಿಯರಿನ ತೂತಿನಲ್ಲಿ ವಯರು ಸಿಕ್ಕಿಸಿ ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದ್ದೆವು. ಕಿಡಿ ಹಾರಿ, ವಾಸನೆ ಬಂದು, ತೀರಿಕೊಂಡಿತು. ಎರಡನೆಯದನ್ನು ವಿಧಿಪೂರ್ವಕ ಹಾಕಿದೆವು. ಕೀಲಿ ತೆಗೆದು, ಬ್ಯಾಟರಿಯ ಋಣ ತುದಿಯ ಕೇಬಲು ಬಿಚ್ಚಿ, ಆ ತುದಿಗೂ ಕೇಬಲಿಗೂ ನಡುವೆ ಮೀಟರನ್ನು ಹತ್ತು ಆಂಪಿಯರಿನ ಅಳತೆಯಲ್ಲಿಟ್ಟರೆ ಹೋಗುವ ವಿದ್ಯುತ್ತೆಲ್ಲ ಅದರ ಮೂಲಕವೇ ಹಾಯಬೇಕು. ಹಾಗಿರುವಾಗ ಕೀಲಿಯನ್ನು ಮಾತ್ರ ತಿರುವಬಾರದು. ಸ್ಟಾರ್ಟರು ನೂರಾರು ಆಂಪಿಯರು ಎಳೆದು ಮೀಟರನ್ನು ಸುಟ್ಟುಬಿಡುತ್ತದೆ. ಬಾಗಿಲು ತೆರೆದರೆ ಛಾವಣಿಯ ದೀಪ ಹತ್ತಿ ಲೆಕ್ಕ ಕೆಡುತ್ತದೆ. ಅದನ್ನೂ ಮೊದಲೇ ಆರಿಸಬೇಕು.

ಮೊದಲ ರಾತ್ರಿ 0.02 ಆಂಪಿಯರು. ಇದು ದೋಷವಲ್ಲ, ರೇಡಿಯೋದ ನೆನಪಿಗೆ ಬೇಕಾದ ಚಿಲ್ಲರೆ. ಎರಡನೆಯ ರಾತ್ರಿ ಅದೇ, ಮೂರನೆಯ ರಾತ್ರಿಯೂ ಅದೇ. ಮನೆಯಾಕೆ ಮೇಲಿನಿಂದ ಕೂಗಿದಳು: "ಏನ್ರಿ, ಹನ್ನೆರಡಾತು. ಕಾರೇನು ಕೂಸೇನು, ಮಗ್ಗಲಿಗೆ ಕೂತು ಕಾಯಲಿಕ್ಕೆ?" ಮಾಳಿಗೆಯ ಕಿಟಕಿಗಳೆಲ್ಲ ನಕ್ಕವು.

ನಾಲ್ಕನೆಯ ರಾತ್ರಿ ಮೀಟರಿನಲ್ಲಿ 3.5.

ಕಳ್ಳನು ಮನೆಯೊಳಗಿರುವಾಗಲೇ ಸಿಕ್ಕನೆಂದು ನಮ್ಮ ಕೈ ನಡುಗಿತು. ಫ್ಯೂಜುಗಳನ್ನು ಒಂದೊಂದಾಗಿ ಕೀಳುತ್ತ ಹೋದೆವು. ಐದನೆಯದನ್ನು ಕಿತ್ತಾಗ ಅಂಕಿ ದಡಕ್ಕನೆ 0.02ಕ್ಕೆ ಇಳಿಯಿತು. ಪೆಟ್ಟಿಗೆಯ ಮುಚ್ಚಳದಲ್ಲಿ ನೋಡಿದರೆ ಆ ಫ್ಯೂಜಿಗೆ ಒಡೆಯರಿಬ್ಬರು: ಹಾರ್ನು ಮತ್ತು ಬ್ರೇಕಿನ ದೀಪ. ಹಾರ್ನಾಗಿದ್ದರೆ ಇಷ್ಟು ಹೊತ್ತಿಗೆ ಸೊಸಾಯಿಟಿಯ ಕಾರ್ಯದರ್ಶಿಗಳು ನಮ್ಮ ಮುಂದೆ ನಿಂತಿರುತ್ತಿದ್ದರು.

ಲೆಕ್ಕ ಬರೆಯುವವರಿಗೆ ಒಂದು ಹಳೆಯ ಗುಟ್ಟು ಗೊತ್ತು. ಎರಡು ಬದಿಯ ಮೊತ್ತ ತಾಳೆಯಾಗದಾಗ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಾರೆ. ಶೇಷ ಉಳಿಯದಿದ್ದರೆ 54 ಬರೆಯುವಲ್ಲಿ 45 ಬರೆದಂತೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು. ಎಷ್ಟೋ ಸಲ ಮೊತ್ತವೇ ಅಪರಾಧಿಯ ಹೆಸರು ಹೇಳುತ್ತದೆ. ಮೂರೂವರೆ ಆಂಪಿಯರನ್ನು ಹನ್ನೆರಡು ವೋಲ್ಟಿನಿಂದ ಗುಣಿಸಿದರೆ 42 ವಾಟು. ಬ್ರೇಕಿನ ಬಲ್ಬು ಒಂದೊಂದೂ 21 ವಾಟಿನದು, ಇರುವುದು ಎರಡು. ಪೈಸೆಗೆ ಪೈಸೆ ತಾಳೆ! ಫ್ಯೂಜನ್ನು ಮತ್ತೆ ಹಾಕಿ ಕಾರಿನ ಹಿಂದಕ್ಕೆ ಹೋದೆವು. ನಮ್ಮ ಜಾಗದಲ್ಲಿ ಕಾರು ನಿಲ್ಲುವುದು ಬೆನ್ನನ್ನು ಗೋಡೆಗೆ ಒತ್ತಿ. ಆ ಗೇಣಗಲ ಸಂದಿಯಲ್ಲಿ ಕತ್ತು ತೂರಿಸಿ ನೋಡಿದರೆ ಗೋಡೆಯೆಲ್ಲ ಕೆಂಪು. ಎಷ್ಟು ರಾತ್ರಿ ಹೀಗೆ ಉರಿದಿತ್ತೋ! ಬ್ಯಾಟರಿ 35 ಆಂಪಿಯರ್-ಗಂಟೆಯದು. ಹತ್ತು ಗಂಟೆಗೆ ಬರಿದು. ಅದಕ್ಕೂ ಎಷ್ಟೋ ಮುಂಚೆ ಸ್ಟಾರ್ಟರು ತಿರುಗುವುದನ್ನು ಬಿಡುತ್ತದೆ.

ಬ್ರೇಕಿನ ಪೆಡಲಿನ ಮೇಲ್ತುದಿಯಲ್ಲಿ ಒಂದು ಸ್ವಿಚ್ಚು. ಕಾಲು ತೆಗೆದಾಗ ಪೆಡಲು ಹಿಂದೆ ಬಂದು ಅದರ ಮೂತಿಯನ್ನು ಒತ್ತಿ ದೀಪ ಆರಿಸುತ್ತದೆ. ಕೀಲಿ ತೆಗೆದರೂ ಈ ದೀಪಕ್ಕೆ ಅದರ ಹಂಗಿಲ್ಲ. ಮೂತಿಗೆ ತಾಗುವ ಕಡೆ ಪೆಡಲಿನ ಪಟ್ಟಿಯಲ್ಲೊಂದು ತೂತು, ತೂತಿಗೆ ಅಂಗಿಯ ಗುಂಡಿಯಷ್ಟು ಪ್ಲಾಸ್ಟಿಕ್ಕಿನ ಬಿರಡೆ. ವಯಸ್ಸಾಗಿ ಬಿರಡೆಯ ಅರ್ಧ ಉದುರಿತ್ತು. ಮೂತಿ ಉಳಿದರ್ಧಕ್ಕೆ ತಾಗಿದ ದಿನ ದೀಪ ಆರುತ್ತಿತ್ತು. ತೂತಿನೊಳಗೆ ಜಾರಿದ ದಿನ ಬೆಳಗಿನವರೆಗೆ ಉರಿಯುತ್ತಿತ್ತು. ಗ್ಯಾರೇಜಿನವನ ಹಗಲಿನಲ್ಲಿ ಅದು ಒಮ್ಮೆಯೂ ಜಾರಿರಲಿಲ್ಲ. ಉದುರಿದ ಚೂರುಗಳು ಕಾಲ್ಚಾಪೆಯ ಮೇಲೆಯೇ ಬಿದ್ದಿದ್ದವು. ಜೂನಿನಲ್ಲಿ ಗುಡಿಸುವಾಗ ಬಿಸ್ಕತ್ತಿನ ಪುಡಿಯೆಂದು ಮಗಳನ್ನು ಗದರಿದ್ದು ನೆನಪಾಯಿತು.

ಹೊಸ ಬಿರಡೆಗೆ ಅಂಗಡಿಯವನು ಹತ್ತು ರೂಪಾಯಿ ತೆಗೆದುಕೊಂಡ. ಬ್ಯಾಟರಿ, ಆಲ್ಟರ್ನೇಟರು, ತೀರಿಕೊಂಡ ಮೀಟರು ಇವುಗಳ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆ ಮನೆಯಾಕೆಯೂ ಓದುತ್ತಾಳೆ.

ಆಗಸ್ಟಿನಲ್ಲಿ ಮತ್ತೊಂದು ರಾತ್ರಿ ಉಬ್ಬಸವೆದ್ದಿತು. ಕೀಲಿ ಅರ್ಧ ತಿರುಗುವುದರೊಳಗೆ ಕಾರು ಎದ್ದಿತು. ಹದಿನೈದು ನಿಮಿಷಕ್ಕೆ ಆಸ್ಪತ್ರೆ. ಐದು ಗಂಟೆಗೆ ಮನೆಗೆ ಮರಳಿದೆವು. ಮಗಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ತಿರುಗಿದಾಗ ಅವಳು ನಿದ್ದೆಗಣ್ಣಿನಲ್ಲೇ ಕೇಳಿದಳು:

"ಅಪ್ಪಾ, ಗ್ವಾಡಿ ನೋಡಿದ್ಯಾ?"

ಹಿಂದಕ್ಕೆ ಹೋಗಿ ನೋಡಿಬಂದೆವು.