ಮನೆಮಂದಿಗೆಲ್ಲ ಒಂದೇ ಫೈಲು: ಹೃದಯಸ್ನಾಯು ಕಾಯಿಲೆಯ ಕುಟುಂಬಗಳ ಹಕ್ಕೊತ್ತಾಯ ಪತ್ರ

ಗೆ: ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಇಂದ: ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದರೆ ಎಚ್‌ಸಿಎಂ ಇರುವವರು ಮತ್ತು ಅವರ ಮನೆಯವರು

ಮಾನ್ಯರೇ,

ನಮ್ಮಲ್ಲೊಬ್ಬರ ಅಣ್ಣ ಕಬಡ್ಡಿ ಅಂಕಣದಲ್ಲೇ ಕುಸಿದು ತೀರಿಕೊಂಡಾಗ ಊರವರು ‘ಗಾಳಿ ಸೋಕಿತು’ ಅಂದರು. ಹನ್ನೊಂದು ವರ್ಷದ ಮೇಲೆ ಅವರ ತಂಗಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ಹೃದಯದ ಕೆಳಕೋಣೆಗಳ ನಡುವಿನ ಗೋಡೆ 22 ಮಿಲಿಮೀಟರ್ ದಪ್ಪ ಎಂದು ಎಕೋ ಹಾಳೆಯಲ್ಲಿತ್ತು. ದೊಡ್ಡವರಲ್ಲಿ ಬೇರೆ ಕಾರಣವಿಲ್ಲದೆ 15 ಮುಟ್ಟಿದರೇ ಈ ಕಾಯಿಲೆ ಎನ್ನುತ್ತಾರೆ. ‘ಮನೆಯಲ್ಲಿ ಸಣ್ಣ ವಯಸ್ಸಿಗೇ ಹೋದವರಿದ್ದಾರಾ?’ ಎಂದು ಆ ಹಾಳೆ ನೋಡಿದ ಯಾರೂ ಕೇಳಲಿಲ್ಲ. ಆಕೆಯ ಇಬ್ಬರು ಮಕ್ಕಳಿಗೆ ಇವತ್ತಿಗೂ ಎಕೋ ಆಗಿಲ್ಲ.

ಸುಮಾರು 500 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ ಇದು. ಅಪ್ಪ ಅಥವಾ ಅಮ್ಮನಲ್ಲಿ ದೋಷದ ಜೀನ್ ಇದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ 50. ಸರಿಯಾದ ನಿಗಾ ಸಿಕ್ಕರೆ ಹೆಚ್ಚಿನವರು ತುಂಬು ಬಾಳು ಬಾಳಬಲ್ಲರು. ನಾವಾದರೋ ಎಕೋಗೆ ಒಂದು ಕಡೆ, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್‌ಗೆ ಇನ್ನೊಂದು ಕಡೆ, ಎಂಆರ್‌ಐಗೆ ಮತ್ತೊಂದು ಊರು ಎಂದು ಬಟ್ಟೆಯಂಗಡಿಯ ಕೈಚೀಲದಲ್ಲಿ ರಿಪೋರ್ಟು ತುಂಬಿಕೊಂಡು ಅಲೆಯುತ್ತಿದ್ದೇವೆ. ಕಾಯಿಲೆ ಮನೆಯದು, ಚೀಟಿ ಒಬ್ಬರ ಹೆಸರಿನದು. ಇದು ಬದಲಾಗಬೇಕೆಂದು ಈ ಹಕ್ಕೊತ್ತಾಯಗಳನ್ನು ಮುಂದಿಡುತ್ತಿದ್ದೇವೆ.

1. ಒಂದೇ ಸೂರಿನಡಿ ತಂಡ: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಕಂದಾಯ ವಿಭಾಗಗಳಲ್ಲಿ ಒಂದೊಂದು ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಹೃದಯಸ್ನಾಯು ಕ್ಲಿನಿಕ್ ನಡೆಯಬೇಕು. ಹೃದ್ರೋಗ ತಜ್ಞರು, ಹೃದಯ ಬಡಿತದ ಲಯ ನೋಡುವವರು, ಶಸ್ತ್ರಚಿಕಿತ್ಸಕರು, ಮಕ್ಕಳ ಹೃದ್ರೋಗ ತಜ್ಞರು, ಜೆನೆಟಿಕ್ ಆಪ್ತಸಮಾಲೋಚಕರು, ಮನಃಶಾಸ್ತ್ರಜ್ಞರು ಒಟ್ಟಿಗೆ ಕೂತು ತೀರ್ಮಾನಿಸಬೇಕು. ಫೋನು ಎತ್ತುವ ಒಬ್ಬ ನರ್ಸ್ ಇರಲೇಬೇಕು. ಬೀದರ್‌ನಿಂದ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದವರು ಎಲ್ಲರನ್ನೂ ಕಂಡು ಸಂಜೆ ಬಸ್ಸಿಗೆ ವಾಪಸಾಗುವಂತಿರಬೇಕು.

2. ಮನೆಮಂದಿಯ ತಪಾಸಣೆ: ಒಬ್ಬರಿಗೆ ಕಾಯಿಲೆ ಖಚಿತವಾದ ದಿನವೇ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳ ಹೆಸರು ಅದೇ ಫೈಲಿಗೆ ಸೇರಬೇಕು. ಇಸಿಜಿ, ಎಕೋ ಉಚಿತವಾಗಿರಲಿ. ಒಮ್ಮೆ ಸರಿಯಿದೆ ಎಂದರೆ ಮುಗಿಯಿತೆಂದಲ್ಲ. ಮಕ್ಕಳಿಗೆ 1–2 ವರ್ಷಕ್ಕೊಮ್ಮೆ, ದೊಡ್ಡವರಿಗೆ 3–5 ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಆ ದಿನಾಂಕ ನೆನಪಿಸುವ ಹೊಣೆ ಆಸ್ಪತ್ರೆಯದ್ದು.

3. ಕನ್ನಡದಲ್ಲಿ ತಿಳಿಹೇಳುವ ಜೀನ್ ಪರೀಕ್ಷೆ: ಎಂವೈಬಿಪಿಸಿ3 ಎಂಬ ಜೀನಿನಲ್ಲಿ ಡಿಎನ್‌ಎಯ 25 ಅಕ್ಷರಗಳು ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದ ಸುಮಾರು ಶೇ 4ರಷ್ಟು ಜನರಲ್ಲಿದೆ ಎಂದು 2009ರ ಸಂಶೋಧನೆ ತೋರಿಸಿತು. ಅವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಇಂಥ ಫಲಿತಾಂಶವನ್ನು ಬರಿಯ ಕಾಗದವಾಗಿ ಕೈಗಿತ್ತರೆ ಭಯ ಮಾತ್ರ ಉಳಿಯುತ್ತದೆ. ಪರೀಕ್ಷೆಗೆ ಮೊದಲೂ ಆಮೇಲೂ ಕೂರಿಸಿ ವಿವರಿಸಬೇಕು. ಮದುವೆಗೆ ಹೆಣ್ಣು-ಗಂಡು ನೋಡುವವರ ಕಿವಿಗೆ ಬೀಳದಂತೆ ಗುಟ್ಟು ಕಾಯಬೇಕು.

4. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವು: ನಮ್ಮ ಇಸಿಜಿ ಹಲವು ಸಲ ಹೃದಯಾಘಾತದಂತೆಯೇ ಕಾಣುತ್ತದೆ. ಎದೆನೋವೆಂದು ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟರೆ, ರಕ್ತ ಹೊರಹೋಗುವ ದಾರಿ ಮೊದಲೇ ಕಿರಿದಾಗಿರುವವರಲ್ಲಿ ಅಡಚಣೆ ಹೆಚ್ಚಿ ತಲೆಸುತ್ತಿ ಬೀಳಬಹುದು. ಕುಕ್ಕರಗಾಲಲ್ಲಿ ಕೂತ ರೋಗಿಯನ್ನು ಎಬ್ಬಿಸಿ ನಿಲ್ಲಿಸಿ ಸ್ಟೆತಸ್ಕೋಪ್ ಇಟ್ಟರೆ ಅಡಚಣೆಯ ಮರ್ಮರ ಜೋರಾಗುತ್ತದೆ. ಖರ್ಚಿಲ್ಲದ ಈ ಪರೀಕ್ಷೆ ಎಲ್ಲ ವೈದ್ಯರಿಗೂ ರೂಢಿಯಾಗಲಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ದೂರದ ತಜ್ಞರಿಗೆ ತಲುಪುವ ದಾರಿ ಈಗಾಗಲೇ ಇದೆ. ಅನುಮಾನದ ಇಸಿಜಿ ಅದೇ ದಾರಿಯಲ್ಲಿ ಈ ತಂಡಕ್ಕೂ ಬರಲಿ.

5. ಐಸಿಡಿಗೆ ಪೂರ್ತಿ ನೆರವು: ಹಠಾತ್ ಸಾವಿನ ಅಪಾಯ ಹೆಚ್ಚಿರುವವರಿಗೆ ಬಡಿತದ ಲಯ ಕೆಟ್ಟಾಗ ಷಾಕ್ ಕೊಟ್ಟು ಸರಿಪಡಿಸುವ, ಎದೆಯೊಳಗಿನ ಈ ಸಾಧನವೇ ಕಾವಲು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿಯ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ, ಒಂದೇ ಮನೆಯಲ್ಲಿ ಇಬ್ಬರಿಗೆ ಐಸಿಡಿ ಬೇಕಾದರೆ ಸಾಲದೇ ಹೋಗಬಹುದು. ಇಂಥ ಮನೆಗಳಿಗೆ ಮಿತಿ ಸಡಿಲವಾಗಲಿ; ಬ್ಯಾಟರಿ ಮುಗಿದಾಗ ಬದಲಿಸುವ ಖರ್ಚೂ ಸೇರಲಿ.

6. ಕೈ ಪಳಗಿದವರಿಂದ ಶಸ್ತ್ರಚಿಕಿತ್ಸೆ: ದಪ್ಪ ಗೋಡೆಯನ್ನು ಕೆತ್ತಿ ತೆಗೆಯುವ ಮಯೆಕ್ಟಮಿ, ಆಲ್ಕೋಹಾಲ್ ಹರಿಸಿ ಅದನ್ನು ಕುಗ್ಗಿಸುವ ಅಬ್ಲೇಶನ್ ಎರಡೂ ಅನುಭವ ಬೇಡುವ ಕೆಲಸ. ಪ್ರತಿ ಕೇಂದ್ರವೂ ವರ್ಷಕ್ಕೆ ಎಷ್ಟು ಮಾಡಿದೆ, ಫಲವೇನು ಎಂದು ಪ್ರಕಟಿಸಲಿ.

7. ಎಳೆಯರ ಹಠಾತ್ ಸಾವಿಗೆ ಉತ್ತರ: 2025ರಲ್ಲಿ ಹಾಸನದ ಹಠಾತ್ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ, ಆಸ್ಪತ್ರೆಯ ಹೊರಗಾದ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಸರ್ಕಾರವೇ ಹೇಳಿತು. ಅದರಲ್ಲಿ ಹೃದಯದ ಗೋಡೆಯ ಅಳತೆ ಬರೆಯಬೇಕು, ಜೀನ್ ಪರೀಕ್ಷೆಗೆ ರಕ್ತ ಕಾಯ್ದಿಡಬೇಕು, ವರದಿ ಬಂದ ವಾರವೇ ಆ ಮನೆಯಲ್ಲಿ ಬದುಕಿರುವವರನ್ನು ಕ್ಲಿನಿಕ್‌ಗೆ ಕರೆಯಬೇಕು.

8. ಶಾಲೆ, ಕೆಲಸ, ಹೆರಿಗೆ: ಆಟದಿಂದ ಪೂರ್ತಿ ದೂರವಿಡುವ ಬದಲು ಯಾವ ಮಗು ಎಷ್ಟು ಆಡಬಹುದೆಂದು ತಂಡ ಬರೆದುಕೊಡಲಿ. ಕ್ರೀಡಾಂಗಣಗಳಲ್ಲಿ, ಕುಸಿದವರ ಹೃದಯಕ್ಕೆ ಷಾಕ್ ಕೊಡುವ ಎಇಡಿ ಯಂತ್ರ ಇರಲಿ. ಕಾಯಿಲೆಯ ಹೆಸರಲ್ಲಿ ನೌಕರಿ ತಪ್ಪದಿರಲಿ. ಬಸುರಿಯರ ನಿಗಾಕ್ಕೆ ಪ್ರಸೂತಿ ತಜ್ಞರೂ ತಂಡದಲ್ಲಿರಲಿ.

9. ಮೇಲ್ವಿಚಾರಣೆ: ಇದೆಲ್ಲ ನಡೆಯುತ್ತಿದೆಯೇ ಎಂದು ನೋಡುವ ಸಮಿತಿಯಲ್ಲಿ ನಮ್ಮವರೂ ಕೂರಬೇಕು.

ಈ ಪತ್ರ ತಲುಪಿದ 30 ದಿನಗಳೊಳಗೆ ನಮ್ಮನ್ನು ಮಾತುಕತೆಗೆ ಕರೆಯಬೇಕೆಂದು ಒತ್ತಾಯಿಸುತ್ತೇವೆ. ಮೊದಲ ಕ್ಲಿನಿಕ್‌ನ ಸರತಿಯಲ್ಲಿ ಆ ಇಬ್ಬರು ಮಕ್ಕಳಿಗೆ ಜಾಗವಿಡಿ: ದೊಡ್ಡವಳಿಗೆ 12, ಚಿಕ್ಕವನಿಗೆ 9. ಅವನು ಈಗ ಕಬಡ್ಡಿ ಕಲಿಯುತ್ತಿದ್ದಾನೆ.

ಇಂತಿ,
ಎಚ್‌ಸಿಎಂ ಇರುವವರು ಮತ್ತು ಮನೆಯವರು