ದಳ್ಳಾಳಿಯೋ, ದುಡಿಮೆಗಾರನೋ?

ಭದ್ರಾವತಿಯ ನ್ಯೂ ಟೌನಿನಲ್ಲಿ ಕೆಲಸ ಹುಡುಕಿ ಹೊರಟ ತರುಣನನ್ನು ಇಂದು ಕೈಬೀಸಿ ಕರೆಯುವುದು ಕಾರ್ಖಾನೆಯ ಗೇಟಲ್ಲ, ನಿವೇಶನದ ವ್ಯಾಪಾರ. ಇದು ಆಕಸ್ಮಿಕವೇನಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಈ ಊರನ್ನು ಬೆಳೆಸಿತು. 2015ರಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಬಂತು. ಕಾರ್ಮಿಕರು ಹೋರಾಡಿದ ಮೇಲೆ ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಆರಂಭವಾಯಿತು. ಆದರೆ ತಂದೆಯ ಕೆಲಸ ಮಗನಿಗೆ ದೊರೆಯುವ ಕಾಲ ಹೋಯಿತು. ಹೊಟ್ಟೆಪಾಡಿಗಾಗಿ ಆಸ್ತಿ ವ್ಯವಹಾರಕ್ಕೆ ಇಳಿದ ಹುಡುಗನನ್ನು ಹಳಿಯುವುದು ನ್ಯಾಯವಲ್ಲ.

ಆದರೆ ಅವನು ತನ್ನನ್ನು ತಾನೇ ಕೇಳಿಕೊಳ್ಳಬೇಕು: ನಾನು ಪಡೆಯುವ ಹಣ ಯಾವ ದುಡಿಮೆಯ ಫಲ?

ಬೇರೆ ಊರಿನಲ್ಲಿ ಮಕ್ಕಳ ಬಳಿ ಇರುವ ವೃದ್ಧರ ಮನೆಯ ಬಾಡಿಗೆ ವಸೂಲು ಮಾಡಿ, ಸೋರುವ ಮಾಡಿಗೆ ಹೆಂಚು ಹೊದಿಸಿ, ಕಂದಾಯ ಕಟ್ಟಿ, ಮುಂಗಡಕ್ಕೆ ರಸೀದಿ ಕೊಡಿಸುವುದು ದುಡಿಮೆ. ಅದಕ್ಕೆ ಕೂಲಿ ಸಲ್ಲಲೇಬೇಕು. ರೈತನಿಂದ ಅಗ್ಗಕ್ಕೆ ಜಮೀನು ಬರೆಸಿಕೊಂಡು, ಮಾತಿನಲ್ಲೇ ಬೆಲೆ ಏರಿಸಿ, ಕೈಯಿಂದ ಕೈಗೆ ದಾಟಿಸುವುದು ದುಡಿಮೆಯಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ ಜಿಲ್ಲೆ ಇದು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಸಾಗುವಳಿ ಭೂಮಿ ಕೊಳ್ಳಬಹುದಾದ್ದರಿಂದ ಈ ಎರಡನೆಯ ಆಟ ಇನ್ನಷ್ಟು ಸುಲಭವಾಗಿದೆ.

ಕಾನೂನು ಸುಮ್ಮನಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಕಾರ, ನೋಂದಣಿಯಾಗಬೇಕಾದ ಬಡಾವಣೆಯ ನಿವೇಶನ ಮಾರಿಸುವ ಏಜೆಂಟನೂ ನೋಂದಾಯಿಸಿಕೊಂಡಿರಬೇಕು; ಲೆಕ್ಕದ ಪುಸ್ತಕ ಇಡಬೇಕು; ಕೊಳ್ಳುವವನಿಗೆ ಕಾಗದಪತ್ರ ಒದಗಿಸಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಆದರೆ ದಂಡದ ಭಯಕ್ಕಿಂತ ದೊಡ್ಡದೊಂದಿದೆ. ನಿವೃತ್ತ ಕಾರ್ಮಿಕ ಗ್ರಾಚ್ಯುಯಿಟಿ ಹಣವನ್ನೆಲ್ಲ ಒಂದೇ ನಿವೇಶನಕ್ಕೆ ಸುರಿಯುತ್ತಾನೆ. ಭೂಪರಿವರ್ತನೆಯಾಗಿದೆಯೇ, ಖಾತೆ ಯಾರ ಹೆಸರಿನಲ್ಲಿದೆ, ಋಣಭಾರವಿದೆಯೇ ಎಂದು ಅವನಿಗಾಗಿ ನೋಡದ ಏಜೆಂಟ್ ಮೂವತ್ತು ವರ್ಷದ ಬೆವರನ್ನು ಕೆಸರಿಗೆ ಚೆಲ್ಲಿದಂತೆ. ಕಂಪೆನಿಯ ಕ್ವಾರ್ಟರ್ಸಿನಲ್ಲಿ ವಾಸವಿದ್ದ ಮಾತ್ರಕ್ಕೆ ಅದನ್ನು ಮಾರುವ ಹಕ್ಕು ಬರುವುದಿಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಮಾತು. ಮನೆ ಕೇಳಲು ಬಂದವನ ಜಾತಿ ವಿಚಾರಿಸು ಎಂದು ಮಾಲೀಕ ಹೇಳಿದರೆ, “ಬಾಡಿಗೆ ಕಟ್ಟುವವನೇ ಎಂದಷ್ಟೇ ವಿಚಾರಿಸುತ್ತೇನೆ” ಎನ್ನುವ ಎದೆಗಾರಿಕೆ ಇರಲಿ.

ತರುಣ ಮಿತ್ರರೇ, ಕೊಳ್ಳುವವನಿಗೂ ಮಾರುವವನಿಗೂ ಒಂದೇ ಬೆಲೆ ಹೇಳಿ. ನಿಮ್ಮ ಕೂಲಿಯನ್ನು ಮೊದಲೇ ಬರೆದುಕೊಡಿ. ಮುಚ್ಚಿಡುವ ಲೆಕ್ಕವಿಲ್ಲದವನಿಗೆ ದಳ್ಳಾಳಿಯೆಂಬ ಹೆಸರು ಅಂಟುವುದಿಲ್ಲ.